ಫೇಸ್ ಪ್ಯಾಕ್ ಒಣಗುವ ಹೊತ್ತು

ಮಾರ್ಚ್ 3, ಸೋಮವಾರ
ಮತ್ತದೇ. ಪಾರ್ಲರ್ ಬಾಗಿಲು ತೆಗೆ, ಕನ್ನಡಿ ಒರೆಸು, ಬಂದವರ ಕೈಗೆ ಓಟದ ಪಾಂಪ್ಲೆಟ್ ಕೊಡು. ಹುಬ್ಬು ತೀಡಿಸಿಕೊಂಡವರೆಲ್ಲ "ನೋಡೋಣ" ಅಂದರು. ನೋಡೋಣ ಅಂದರೆ ಇಲ್ಲ ಅಂತಲೇ. 23ಕ್ಕೆ ಸಹಾಯಾರ್ಥ ಓಟ. ಮೈದಾನ ತುಂಬಿದರೆ ಮಾತ್ರ ದಾನಿಗಳು ಮಾತು ಕಲಿಸುವ ಕೇಂದ್ರವನ್ನು ಇನ್ನೊಂದು ವರ್ಷ ನಡೆಸುತ್ತಾರಂತೆ. ಇಲ್ಲದಿದ್ದರೆ ತಿಂಗಳ ಕೊನೆಗೆ ಬೀಗ.

ಸ್ಟ್ರೋಕ್ ಆಗಿ ಅತ್ತೆಯ ಮಾತು ನಿಂತ ಮೇಲೆ ಅಲ್ಲಿಗೇ ಕರೆದೊಯ್ಯುತ್ತಿದ್ದೇನೆ. ಒಂದು ಕಾಲಕ್ಕೆ ಆ ಬಾಯಿಗೆ ಹೆದರಿ ಅಡುಗೆಮನೆ ಸೇರಿಕೊಳ್ಳುತ್ತಿದ್ದೆ. ಈಗ ಒಂದು ಬೈಗುಳ ಕೇಳಿಸಿದರೆ ಸಾಕು ಅನ್ನಿಸುತ್ತದೆ.

ಮಾರ್ಚ್ 6, ಗುರುವಾರ
ಉಪಾಯ ಹೊಳೆಯಿತು. ಫೇಸ್ ಪ್ಯಾಕ್ ಬಳಿದು, "ಒಣಗೋವರೆಗೂ ಬಾಯಿ ಬಿಡ್ಬೇಡಿ, ಸುಕ್ಕು ಬೀಳುತ್ತೆ" ಅನ್ನುವುದು. ಆಮೇಲೆ ಶುರು. ಅತ್ತೆ, ಕೇಂದ್ರ, ಬೀಗ... ಎಲ್ಲ ಹೇಳಿ ಕೊನೆಗೆ, "ಓಟಕ್ಕೆ ನಿಮ್ಮ ಹೆಸರು ಹಾಕ್ಲಾ?" ಮೌನಂ ಸಮ್ಮತಿ ಲಕ್ಷಣಂ. ನಂಬರ್‌ಗಳು ಹೇಗೂ ನನ್ನ ಫೋನಿನಲ್ಲಿವೆ. ಬ್ಯಾಂಕ್ ಮೇಡಂ ಸೇರಿದರು, ಟೈಲರಮ್ಮ ಸೇರಿದರು. ಟೈಲರಮ್ಮನ ನಾದಿನಿ ಗೊರಕೆ ಹೊಡೆಯುತ್ತಲೇ ಸೇರಿದಳು.

ಪಾಪ ಅನ್ನಿಸಿತು. ಅನ್ನಿಸಲಿ.

ಮಾರ್ಚ್ 12, ಬುಧವಾರ
ಕೇಂದ್ರದಲ್ಲಿ ಪಾಠ. ಟೀಚರ್ ಅತ್ತೆಯ ತಲೆಗೆ ಒಂದು ಹಳೇ ಟೋಪಿ ಇಡುತ್ತಾರೆ. ಅತ್ತೆ "ಬೇಡ" ಅನ್ನಬೇಕು. ವಾರಗಟ್ಟಲೆ ಇದೊಂದೇ ಪದ. ತಡೆಯದೆ ಕೇಳಿಬಿಟ್ಟೆ, "ನೀರು, ಊಟ ಅಂತ ಕಲಿಸಬಾರದಾ ಮೇಡಂ?"

"ಅದಕ್ಕೆ ಕೈ ತೋರಿಸಿದ್ರೂ ನಡೆಯುತ್ತೆ. ಬೇಡ ಅನ್ನೋಕೆ ಬರ್ಲಿಲ್ಲ ಅಂದ್ರೆ, ಜನ ತಮಗೆ ಬೇಕಾದ್ದೆಲ್ಲ ಮಾಡಿಬಿಡ್ತಾರೆ ಕಣ್ರೀ."

ನೆಲ ನೋಡಿದೆ. ಅತ್ತೆ ಕತ್ತಿನ ನರ ಉಬ್ಬಿಸಿಕೊಂಡು "ಬೇ... ಬೇ..." ಅನ್ನುತ್ತಿದ್ದರು. ಬರಲಿಲ್ಲ. ಟೋಪಿ ತಲೆಯ ಮೇಲೇ ಉಳಿಯಿತು.

ಮಾರ್ಚ್ 15, ಶನಿವಾರ
ಎಲ್ಲರ ಫೋನಿಗೂ ಕೇಂದ್ರದಿಂದ ಮೆಸೇಜ್ ಹೋಗಿದೆ — ಓಟಕ್ಕೆ ಸೇರಿದ್ದಕ್ಕೆ ಧನ್ಯವಾದ ಅಂತ. ಬ್ಯಾಂಕ್ ಮೇಡಂ ಸೀದಾ ಪಾರ್ಲರಿಗೇ ಬಂದರು.

"ನಾನು ಯಾವಾಗ ಒಪ್ಕೊಂಡೆ?"

"ನೀವು ಬೇಡ ಅನ್ನಲಿಲ್ವಲ್ಲ ಮೇಡಂ..."

"ಬಾಯಿ ಬಿಟ್ರೆ ಸುಕ್ಕು ಬೀಳುತ್ತೆ ಅಂದೋಳು ನೀನೇ ಅಲ್ವಾ?"

ಕಾಯುತ್ತಿದ್ದವರೂ ಎದ್ದು ಹೋದರು. ರಾತ್ರಿ ಮನೆಯಲ್ಲಿ ಇವರ ಹತ್ತಿರ ಹೇಳಿದೆ. "ಮಾಡಿದ್ದುಣ್ಣೋ ಮಹಾರಾಯ" ಅಂದರು. ಗಂಡನಿಂದ ಇನ್ನೇನು ಸಿಗುತ್ತದೆ.

ಮಾರ್ಚ್ 16, ಭಾನುವಾರ
ಹೆಸರುಗಳನ್ನೆಲ್ಲ ತೆಗೆಸಿದೆ. ಒಬ್ಬೊಬ್ಬರಿಗೂ ಫೋನ್. ಇವರೇ ನಂಬರ್ ಒತ್ತಿ ಒತ್ತಿ ಕೊಟ್ಟರು. "ತಪ್ಪಾಯ್ತು. ಈಗ ಸರಿಯಾಗಿ ಕೇಳ್ತಿದೀನಿ, ಬರ್ತೀರಾ? ಬೇಡ ಅಂದ್ರೂ ಬೇಜಾರಿಲ್ಲ." ಬೇಜಾರಿಲ್ಲ ಅಂದದ್ದು ಸುಳ್ಳು. ಎಷ್ಟು ಸಲೀಸಾಗಿ ಬೇಡ ಅನ್ನುತ್ತಾರೆ ಜನ. ಬ್ಯಾಂಕ್ ಮೇಡಂ ಫೋನೇ ಎತ್ತಲಿಲ್ಲ.

ಮಾರ್ಚ್ 22, ಶನಿವಾರ
ಕೇಂದ್ರದಲ್ಲಿ ರಟ್ಟಿನ ಡಬ್ಬಗಳು ಬಂದಿವೆ. ಬಾಯಿಯ ಆಕಾರ ನೋಡಿಕೊಳ್ಳುವ ದೊಡ್ಡ ಕನ್ನಡಿಯನ್ನು ಟೀಚರ್ ಗೋಡೆಯಿಂದ ಇಳಿಸುತ್ತಿದ್ದರು. ನನ್ನನ್ನು ಕಂಡು, "ಸುಮ್ನೆ... ಒರೆಸೋಣ ಅಂತ" ಅಂದರು.

ಕಲಿಸುವವರೇ ಇಲ್ಲದಿದ್ದರೆ ಅತ್ತೆ ಹೀಗೇ ಉಳಿದುಬಿಡುತ್ತಾರೆ.

ಮಾರ್ಚ್ 23, ಭಾನುವಾರ, ಬೆಳಿಗ್ಗೆ 6.10
ಮೈದಾನ. ಸುಣ್ಣದ ಗೆರೆ, ಮೈಕು, ಸಾಲಾಗಿ ನೀರಿನ ಬಾಟಲಿ. ಜನರಿಗಿಂತ ಬಾಟಲಿಗಳೇ ಜಾಸ್ತಿ. ನನ್ನ ಪಾರ್ಲರಿನವರು ಒಬ್ಬರೂ ಇಲ್ಲ. ದಾನಿಗಳ ಕಡೆಯವನು ಆಗಲೇ ಆಕಳಿಸುತ್ತಿದ್ದಾನೆ.

6.25
ಸಾಕು ಅನ್ನಿಸಿತು. ಇವರು ವೀಲ್ ಚೇರ್ ತಿರುಗಿಸಿದರು. ಬಗ್ಗಿ ಕೇಳಿದೆ, "ಮನೆಗೆ ಹೋಗೋಣ್ವಾ ಅತ್ತೆ?"

ಎಡಗೈಯಲ್ಲಿ ಚಕ್ರ ಹಿಡಿದುಕೊಂಡರು. ಬಿಡಲೇ ಇಲ್ಲ. "ಬೇ..." ಕಾದೆವು. ಟೀಚರ್ ಕೂಡ ನೀರು ಹಂಚುವುದು ಬಿಟ್ಟು ನಿಂತರು.

"ಬೇಡ."

ಸ್ಪಷ್ಟವಾಗಿ. ನನ್ನನ್ನು ಬೈಯುತ್ತಿದ್ದ ಅದೇ ಗಂಟಲು. ಅಳುತ್ತಲೇ ಬರೆಯುತ್ತಿದ್ದೇನೆ, ಅಕ್ಷರ ಕಾಣುತ್ತಿಲ್ಲ. ಸರಿ ಅತ್ತೆ. ಹೋಗುವುದಿಲ್ಲ. ಕುರ್ಚಿಯನ್ನು ಗೆರೆಯ ಮೇಲೆ ನಿಲ್ಲಿಸಿದ್ದೇವೆ. ಗೇಟಿನ ಕಡೆ ನೋಡುವುದನ್ನು ಬಿಟ್ಟಿದ್ದೇನೆ. ಸೀಟಿ ಊದುತ್ತಿದ್ದಾರೆ, ತಳ್ಳಬೇಕು, ಅತ್ತೆ ಆಗಲೇ ಎಡಗೈಯಲ್ಲಿ ಚಕ್ರ ದೂಡುತ್ತಾ —