ಕೆರೆ ಅಂಗಳದ ಕೂಸು

ಆತಗೂರು ಹೋಬಳಿ, ಮದ್ದೂರು ತಾಲ್ಲೂಕು
೧೨-೯-೨೦೨೨

ಮಗಳು ಅರುಂಧತಿಗೆ ನಿಮ್ಮವ್ವನ ಆಶೀರ್ವಾದ.

ಫೋನು ಎತ್ನಿಲ್ಲ ಅಂತ ಕ್ವಾಪ ಮಾಡ್ಕಬ್ಯಾಡ ಕಣವ್ವ. ನಿನ್ ದನಿ ಕೇಳುದ್ರೆ ಅತ್ಬುಡ್ತೀನಿ ಅಂತ ಎತ್ನಿಲ್ಲ. ಕಾಗ್ದ ಬರ್ಯಾದೂ ತಡ ಆಯ್ತು. ಮಳವಳ್ಳೀಲಿ ನೀನು, ಅಳಿಯಂದ್ರು ಚೆಂದಾಗಿದ್ದೀರಿ ಅಂದ್ಕಂಡಿವ್ನಿ.

ನಮ್ ದೊಡ್ಡಕೆರೆ ತುಂಬಿ ಕೋಡಿ ಬಿದ್ದೈತೆ. ನೀನು ಲಂಗ ಆಕ್ತಿದ್ದಾಗ ಬಿದ್ದಿದ್ದು, ಆಮೇಲೆ ವರ್ಸ ವರ್ಸ ನೀರು ಇಂದಿಂದಕ್ಕೇ ಓಯ್ತಲ್ಲ. ಮಳೆ ಉಯ್ದ್ರೂ ಕೆರೆಗೆ ಬತ್ತಿರ್ನಿಲ್ಲ, ಮ್ಯಾಗಳ ಅಳ್ಳ ಮುಚ್ಚಿ ಸೈಟು ಮಾಡ್ಬುಟ್ಟಿದ್ರು. ಈಗ ಅದೇ ಸೈಟಿನೋರು ಸಿಮೆಂಟು ಚರಂಡಿ ಕಟ್ಟಿ ಕೆರೆಗೇ ಬುಟ್ಟವ್ರೆ. ಈ ಸಲದ ಮಳೆ ನೀರು ಇಂಗಾಕೂ ಪುರ್ಸೊತ್ತಿಲ್ದೆ ಒಂದೇ ಏಟ್ಗೆ ಬಂದು ಬಿತ್ತು.

ಊರೋರ್ಗೆ ಅಬ್ಬ. ನಂಗೆ ಎದೆ ಒಡ್ದೋಯ್ತು. ನಿನ್ ಕೂಸ್ನ ಮಣ್ಣು ಮಾಡಿರಾದು ಕೆರೆ ಅಂಗಳ್ದಲ್ಲೇ ಅಲ್ವಾ. ಒಣಗಿ ಜಾಲಿ ಬೆಳ್ದಿದ್ದ ಜಾಗ, ಊರಿನ ಎಳೇ ಮಕ್ಳನ್ನೆಲ್ಲ ಅಲ್ಲೇ ಮಡಗ್ತಿದ್ರು. ಅದು ನೀರಿನ ಜಾಗ ಅನ್ನಾದೇ ನಮ್ಗೆಲ್ಲ ಮರ್ತೋಗಿತ್ತು. ಥೂ, ನಮ್ ಬುದ್ಧಿಗಿಷ್ಟು!

ನಿಮ್ಮಪ್ಪ ನೀರುಗಂಟಿ. ಜಲ್ಮೆಲ್ಲಾ ತೂಬು ಕಾದು, ಒಂದು ಬೊಗಸೆ ನೀರು ಪೋಲಾದ್ರೂ ಊರೋರ್ನ ಉಗೀತಿದ್ದೋನು. ನೀರು ಕೂಸಿನ ಗುರ್ತಿಗೆ ನೆಟ್ಟಿದ್ದ ಕಲ್ಲಿನ ತಾವ್ಕೆ ಬತ್ತಾ ಐತೆ ಅಂದೇಟ್ಗೆ ನೀರು ಆಚೆ ಅರ್ದೋಗ್ಲಿ ಅಂತ ತಾನೇ ಓಗಿ ತೂಬು ಎತ್ಬುಟ್ಟ. ಆ ಪಕ್ಕದ್ ಗದ್ದೆ ಅಂಕಯ್ಯ ಓಡ್ಬಂದು ಕೈ ಇಡ್ಕಂಡು, "ಏನ್ಲಾ ಚಿಕ್ಕಬೋರ, ತಲೆಗಿಲೆ ಕೆಟ್ಟೋಯ್ತಾ? ಊರೋರ್ ಬಾಯ್ಗೆ ಮಣ್ಣಾಕ್ತೀಯಲ್ಲ!" ಅಂದ. "ಒಂದಿನ ಬುಡ್ಲಾ, ಮೊಮ್ಮಗೀನ ಎತ್ಕಂಡು ಬ್ಯಾರೆ ಕಡೆ ಮಡಗ್ತೀನಿ" ಅಂತ ನಿಮ್ಮಪ್ಪ ಕಾಲಿಡ್ಕಳಾದೊಂದು ಬಾಕಿ. ಯಾರೂ ಕೇಳ್ನಿಲ್ಲ, ತೂಬು ಮುಚ್ಬುಟ್ರು. ಅವ್ರ್ನ ಏನಂತ ಬೈಯ್ಲಿ? ಅವ್ರೂ ನೀರು ಕಂಡು ಎಷ್ಟು ಕಾಲ ಆಗಿತ್ತು.

ನೆನ್ನೆ ಎಂಗುಸ್ರೆಲ್ಲ ಬಾಗಿನ ಬುಟ್ರು. ನನ್ನೂ ಕರುದ್ರು, ಓಗ್ನಿಲ್ಲ. ಕೂಸಿಗೆ ಆಲುತುಪ್ಪ ಬುಡಾಕೆ ಈ ತಿಂಗ್ಳು ಬತ್ತೀನಿ ಅಂದಿದ್ಯಲ್ಲ, ಬರ್ಬ್ಯಾಡ ಮಗ. ಬಂದ್ರೂ ತೋರ್ಸಾಕೆ ಬರೀ ನೀರೈತೆ.

ಒಟ್ಟೆ ತುಂಬ ಉಣ್ಣು. ದೇವ್ರು ನಿಮ್ಮಿಬ್ರನ್ನೂ ತಣ್ಣಗೆ ಮಡಗ್ಲಿ.

ನಿಮ್ಮವ್ವ
ಪಟ್ಟಲಮ್ಮ

ಇನ್ನೊಂದು ಮಾತು ಕಣವ್ವ. ಮರ್ತಿರ್ನಿಲ್ಲ, ಬರ್ಯಾಕೆ ಕೈ ಬರ್ನಿಲ್ಲ. ಇವತ್ತು ನಿಮ್ಮಪ್ಪ ಎದೆಮಟ್ಟ ನೀರ್ಗೆ ಇಳ್ದು, ಕಾಲಲ್ಲೇ ತಡಕಿ ತಡಕಿ, ಮುಳುಗಿ ಒಂದಿಡಿ ಮಣ್ಣು ತಂದವ್ನೆ. ಕಲ್ಲು ಸಿಗ್ನಿಲ್ವಂತೆ. ನನ್ ಸೀರೆ ಚೂರಲ್ಲಿ ಕಟ್ಟಿ ಮಡಗಿವ್ನಿ. ಅದು ಕೂಸಿನ ತಾವಿಂದೋ, ಈಗ ಕೊಚ್ಕಂಡು ಬಂದ ಮಣ್ಣೋ, ಯಾರ್ಗೆ ಗೊತ್ತು. ನಿಮ್ಮಪ್ಪ ಮಾತ್ರ "ಕೂಸಿಂದೇ" ಅಂತ ಕುಂತವ್ನೆ. ಮಡಿಕ್ಕಳಾದೋ, ತಿರ್ಗ ನೀರ್ಗೇ ಬುಡಾದೋ, ಎತ್ತೋಳು ನೀನು, ನೀನೇ ಏಳವ್ವ.