ಆಡಿಸದೆ ಮುಗಿಸಿದ ಖೊಖೋ ಫೈನಲ್

ವಲಯ ಕ್ರೀಡಾಕೂಟ ಸಮಿತಿಯ ಮಾನ್ಯ ಅಧ್ಯಕ್ಷರೇ,

ಈ ವರ್ಷದ ಕೂಟದಲ್ಲಿ ಹೆಣ್ಣುಮಕ್ಕಳ ಖೊಖೋ ಇರುವುದಿಲ್ಲವೆಂದು ತಾವು ಹೊರಡಿಸಿದ ಸುತ್ತೋಲೆ ಮೊನ್ನೆ ನಮ್ಮ ಶಾಲೆಗೆ ಬಂತು. ಕಾರಣವನ್ನೂ ಕೊಟ್ಟಿದ್ದೀರಿ: "ಸಾರ್ವಜನಿಕರ ಆಸಕ್ತಿಯ ಕೊರತೆ." ನಾನು ಕನ್ನಡ ಪಾಠ ಹೇಳುವವಳು, ಅಭ್ಯಾಸಬಲದಿಂದ ಮೊದಲು ವ್ಯಾಕರಣ ನೋಡಿದೆ. ತಪ್ಪಿಲ್ಲ. ಆಮೇಲೆ ಅರ್ಥ ನೋಡಿದೆ. ಅವತ್ತು ಮತ್ತೆ ಪಾಠ ಮಾಡಲು ಆಗಲಿಲ್ಲ. ಕಚೇರಿಗೆ ಬರೆದ ಪತ್ರಗಳು ಎಲ್ಲಿಗೆ ಹೋಗುತ್ತವೆ ಎಂಬುದು ತಮಗೂ ಗೊತ್ತು, ನನಗೂ ಗೊತ್ತು. ಹಾಗಾಗಿ ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ಜನರ ಆಸಕ್ತಿಯನ್ನು ತಾವು ಯಾವ ತಕ್ಕಡಿಯಲ್ಲಿ ತೂಗಿದಿರಿ? ಎಂಬತ್ತಮೂರರಲ್ಲಿ ನಮ್ಮ ಗಂಡಸರು ಲಂಡನ್ನಿನಲ್ಲಿ ಕ್ರಿಕೆಟ್ ಕಪ್ ಗೆದ್ದಾಗ, ಕ್ರಿಕೆಟ್ ಬ್ಯಾಟನ್ನು ಕೈಯಲ್ಲಿ ಹಿಡಿಯದವರೂ ಕೂಡ್ಲಿಗಿಯ ಹೋಟೆಲುಗಳಲ್ಲಿ ರೇಡಿಯೊ ಸುತ್ತ ನಿಂತು ಕುಣಿದರು. ನನ್ನ ತಕರಾರಿಲ್ಲ, ನಾನೂ ಖುಷಿಪಟ್ಟವಳೇ. ಆದರೆ ಆ ಆಸಕ್ತಿ ಬದುವಿನ ಮೇಲೆ ತಾನಾಗಿ ಎದ್ದ ಹುಲ್ಲಲ್ಲ. ಪೇಪರು, ರೇಡಿಯೊ, ಶಾಮಿಯಾನ, ಮೈಕು ಎಂದು ನೀರು ಗೊಬ್ಬರ ಹಾಕಿ ಬೆಳೆಸಿದ್ದು. ಹೆಣ್ಣುಮಕ್ಕಳ ಆಟಕ್ಕೆ ತಾವು ಹಾಕಿದ್ದು ಏನು? ಬಿತ್ತದ ಹೊಲಕ್ಕೆ ಹೋಗಿ ಪೈರಿಲ್ಲ ಎಂದು ವರದಿ ಬರೆಯುವುದು ಯಾವ ನ್ಯಾಯ?

ನೋಡಲು ಜನರಿರಲಿಲ್ಲ ಎಂಬುದೂ ಸುಳ್ಳು. ಹುಡುಗಿಯರಿಗೆ ಆಟ ಕಲಿಸಲು ಶಾಲೆಯಲ್ಲಿ ಯಾರೂ ಇಲ್ಲದ ಕಾರಣ ಆ ಕೆಲಸ ನನ್ನ ಪಾಲಿಗೆ ಬಂದಿತ್ತು. ಸಂಜೆ ಶಾಲೆ ಬಿಟ್ಟ ಮೇಲೆ ಹಿಂದಿನ ಬಯಲಿನಲ್ಲಿ ಕಂಬ ಹೂಳಿ ಆಡಿಸುತ್ತಿದ್ದೆ. ಶೇಂಗಾ ಹೊಲದಿಂದ ಬರುವ ಹೆಂಗಸರು ಮೋಟುಗೋಡೆಯ ಆಚೆ ಬುಟ್ಟಿ ಇಳಿಸಿ ನಿಲ್ಲುತ್ತಿದ್ದರು. ಮನೆಯಲ್ಲಿ ಒಲೆ ಕಾಯುತ್ತಿದ್ದರೂ ನಿಲ್ಲುತ್ತಿದ್ದರು. ಅವರೆಲ್ಲರ ಕಣ್ಣು ಗಾಳೆಮ್ಮನ ಮೇಲೆ. ಹತ್ತನೆಯ ತರಗತಿಯ ಹುಡುಗಿ, ನಮ್ಮ ತಂಡದ ನಾಯಕಿ. ಬೆನ್ನಟ್ಟಿದವರ ಕೈ ಇನ್ನೇನು ತಾಕಿತು ಎನ್ನುವಾಗ ಸೊಂಟ ಬಳುಕಿಸಿ ಸಾಲಿನ ಆಚೆ ಹೋಗಿಬಿಟ್ಟಿರುತ್ತಿದ್ದಳು. "ಮೀನು ಐತಿ ನೋಡ್ರಿ ಅದು, ಕೈಗೆ ಬಂತು ಅನ್ನೂದ್ರಾಗ ಜಾರಿ ಹೋಗ್ತೈತಿ," ಎಂದು ಒಬ್ಬ ಮುದುಕಿ ದಿನಾ ಹೇಳುತ್ತಿದ್ದಳು. ಆ ಹೆಂಗಸರು ತಮ್ಮ ಲೆಕ್ಕದ ಸಾರ್ವಜನಿಕರಲ್ಲಿ ಬರುವುದಿಲ್ಲವೇ?

ಗಾಳೆಮ್ಮನ ಅಪ್ಪ ಓಬಣ್ಣ ಶೇಂಗಾ ಮಿಲ್ಲಿನಲ್ಲಿ ಚೀಲ ಹೊರುತ್ತಿದ್ದ. ಮಗಳಿಗೆ ಆಗಲೇ ಗಂಡು ಗೊತ್ತಾಗಿತ್ತು. ಎಂಬತ್ತೈದರ ಕೂಟದಲ್ಲಿ ಗೆದ್ದ ತಂಡದ ಆಟಗಾರ್ತಿಯರನ್ನು ರಾಜ್ಯದ ಶಿಬಿರಕ್ಕೆ ಕರೆದೊಯ್ದು, ಹಾಸ್ಟೆಲಿನಲ್ಲಿಟ್ಟು ಓದಿಸುತ್ತಾರೆಂದು ತಾವೇ ಪ್ರಕಟಿಸಿದ್ದಿರಿ. ನಾವು ಫೈನಲ್ ತಲುಪಿದಾಗ ಅವನ ಮನೆಗೆ ಹೋದೆ, ಮದುವೆ ಎರಡು ವರ್ಷ ತಡೆಯಿರಿ ಎಂದೆ.

"ಬೀಗರಿಗೆ ಏನಂತ ಹೇಳ್ಲಿರಿ ಮೇಡಮ್ಮಾರ? ಮಗಳು ಓಡ್ಯಾಡ್ತಾಳ ಅಂತ ಹೇಳ್ಲಾ?" ಎಂದ. ಆಮೇಲೆ ತಾನೇ, "ನಾನೂ ಬರ್ತೀನಿ. ಒಮ್ಮಿ ಕಣ್ಲೆ ನೋಡ್ತೀನಿ. ನೋಡಿ ಹೇಳ್ತೀನಿ," ಎಂದ.

ಆ ರಾತ್ರಿ ಗಾಳೆಮ್ಮ ಊಟ ಮಾಡಲಿಲ್ಲವಂತೆ. ಹೆದರಿಕೆಯಿಂದಲ್ಲ, ಸಂತೋಷದಿಂದ.

ಫೈನಲ್ ಹರಪನಹಳ್ಳಿಯಲ್ಲಿ. ಹೆಣ್ಣುಮಕ್ಕಳ ಖೊಖೋ ಮೂರು ಗಂಟೆಗೆ, ಗಂಡಸರ ಕಬಡ್ಡಿ ಆಮೇಲೆ ಎಂದು ಬೋರ್ಡಿನ ಮೇಲೆ ಬರೆದಿತ್ತು. ನಮ್ಮ ಎದುರಾಳಿ ಕೊಟ್ಟೂರಿನ ತಂಡ, ಗಟ್ಟಿ ತಂಡ. ಹುಡುಗಿಯರು ಕಾಲಿಗೆ ಬಟ್ಟೆ ಸುತ್ತಿಕೊಂಡು ಸಿದ್ಧರಾಗಿದ್ದರು. ಓಬಣ್ಣ ಒಗೆದ ಅಂಗಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ ಜಾಗ ಹಿಡಿದಿದ್ದ. ಅಷ್ಟರಲ್ಲಿ ಮುಖ್ಯ ಅತಿಥಿಗಳಿಗೆ ಬೇಗ ಹೊರಡಬೇಕಿದೆ, ಅವರು ಕಬಡ್ಡಿ ನೋಡಬೇಕಂತೆ ಎಂಬ ಸುದ್ದಿ ಬಂತು. ನಾನು ತಮ್ಮ ಬಳಿ ಓಡಿ ಬಂದೆ. ನೆನಪಿದೆಯೇ? ತಾವು ಬಹಳ ಸೌಜನ್ಯದಿಂದ ನಕ್ಕು, "ಹುಡುಗೇರ್ದು ಆಮ್ಯಾಲೆ ಆಡ್ಸಿದ್ರಾತು ಬಿಡ್ರಿ. ಅವ್ರೆಲ್ಲಿ ಹೋಗ್ತಾರ?" ಎಂದಿರಿ.

ಕಬಡ್ಡಿ ಚೆನ್ನಾಗಿತ್ತು, ಸುಳ್ಳು ಹೇಳಲಾರೆ. ಮರದ ಮೇಲೆ, ಬಸ್ಸಿನ ಟಾಪಿನ ಮೇಲೆ ಜನ. ಒಂದೊಂದು ಅಂಕಕ್ಕೂ ಜಗಳ, ಆಟ ನಿಲ್ಲುವುದು, ಮತ್ತೆ ಶುರುವಾಗುವುದು. ನಮ್ಮ ಹುಡುಗಿಯರು ವೇದಿಕೆಯ ಹಿಂದೆ ಕೂತು ಹೊತ್ತಿಳಿಯುವುದನ್ನು ನೋಡುತ್ತಿದ್ದರು. ಕೊನೆಗೆ ಬಹುಮಾನ ಕೊಡುವ ವೇಳೆಗೆ ತಮ್ಮ ಕಡೆಯವರೊಬ್ಬರು ಬಂದು, ಹಾರದ ತಟ್ಟೆ ಹಿಡಿಯಲು ನಾಲ್ಕು ಹುಡುಗಿಯರು ಬೇಕೆಂದರು. "ಚಡ್ಡಿ ಮ್ಯಾಲೆ ಲಂಗ ಉಟ್ಕೊಂಡು ಬರ್ರವ್ವಾ, ದೊಡ್ಡೋರು ಅದಾರ," ಎಂದರು. ನಾನು ಬೇಡವೆಂದೆ. ಗಾಳೆಮ್ಮನೇ, "ಇರ್ಲಿ ಬಿಡ್ರಿ, ಇದು ಮುಗುದ್ರ ನಮ್ದು ಸುರು ಆಕ್ಕೈತಿ," ಎಂದು ಎದ್ದಳು.

ಹಾಗೆ, ಮಗಳ ಆಟ ನೋಡಲು ಬಂದ ತಂದೆ, ಮಗಳು ಮೈದಾನದ ನಡುವೆ ತಲೆ ತಗ್ಗಿಸಿ ತಟ್ಟೆ ಹಿಡಿದು ನಿಂತಿದ್ದನ್ನು ನೋಡಿದ. ಗಂಡಸರ ಕೊರಳಿಗೆ ಹಾರ ಬಿತ್ತು. ತಾವು ಮೈಕಿನಲ್ಲಿ ಭಾರತದ ನಾರಿ ಇಂದು ಒಲಿಂಪಿಕ್ಸ್‌ವರೆಗೆ ಓಡಿದ್ದಾಳೆಂದು ಮಾತನಾಡಿದಿರಿ. ತಮ್ಮ ಪಕ್ಕದಲ್ಲೇ ತಟ್ಟೆ ಹಿಡಿದು ನಿಂತವಳಿಗೂ ಕಾಲಿದ್ದವು ಸ್ವಾಮಿ, ತಾವು ಕೆಳಗೆ ನೋಡಲಿಲ್ಲ.

ಭಾಷಣ ಮುಗಿಯುವ ಹೊತ್ತಿಗೆ ಡಿಸೆಂಬರಿನ ಸೂರ್ಯ ಮುಳುಗಿದ್ದ. ಗೆದ್ದವರನ್ನು ಎತ್ತಿ ಕುಣಿಸುವ ಗದ್ದಲದಲ್ಲಿ ನಮ್ಮ ಒಂದು ಕಂಬ ಮುರಿದಿತ್ತು. ನಾಳೆ ಬೆಳಿಗ್ಗೆ ಆಡಿಸಿ ಎಂದು ಕೊಟ್ಟೂರಿನವರೂ ನಾವೂ ಕೇಳಿಕೊಂಡೆವು. ಶಾಮಿಯಾನ ಬಿಚ್ಚುತ್ತಿದ್ದಾರೆ, ರೆಫರಿಗಳು ಹೊರಟಿದ್ದಾರೆ ಎಂದಿರಿ. "ಎರಡೂ ನಮ್ಮ ಮಕ್ಳೇ, ಯಾರು ಗೆದ್ರೇನು?" ಎನ್ನುತ್ತ ಜೇಬಿನಿಂದ ನಾಣ್ಯ ತೆಗೆದಿರಿ. ಇದೇ ಮಾತನ್ನು ಕಬಡ್ಡಿಯ ಗಂಡಸರಿಗೆ ಹೇಳಿ ನಾಣ್ಯ ಚಿಮ್ಮಿದ್ದರೆ ಆ ಶಾಮಿಯಾನ ಉಳಿಯುತ್ತಿತ್ತೇ?

ಗಾಳೆಮ್ಮ ಹೆಡ್ ಎಂದಳು. ಟೇಲ್ ಬಿತ್ತು. ಕತ್ತಲಲ್ಲಿ ಅದನ್ನು ನೋಡಲು ತಾವು ಬೆಂಕಿಕಡ್ಡಿ ಗೀರಬೇಕಾಯಿತು. ನಮ್ಮ ಹುಡುಗಿಯರು ಅಳಲಿಲ್ಲ. ಏನಾಯಿತೆಂಬುದು ಅವರಿಗೆ ಇನ್ನೂ ಪೂರ್ತಿ ತಿಳಿದಿರಲಿಲ್ಲ.

ಬಸ್ಸಿನಲ್ಲಿ ಓಬಣ್ಣ ನನ್ನ ಮುಂದಿನ ಸೀಟಿನಲ್ಲಿದ್ದ. ಅರ್ಧ ದಾರಿ ಕಳೆದ ಮೇಲೆ ಹಿಂದಕ್ಕೆ ತಿರುಗಿ ಹೇಳಿದ: "ನಾಕು ಮಂದಿ ನಿಂತು ನೋಡೋ ಆಟ ಆಗಿದ್ರ ಬೀಗರಿಗೆ ಎದೆ ತಟ್ಟಿ ಹೇಳ್ತಿದ್ದೆ ಮೇಡಮ್ಮಾರ. ಸರಕಾರದೋರೇ ಇದು ಆಟ ಅಲ್ಲ ಅಂದಮ್ಯಾಲೆ ನಾನು ಕೂಲಿಯವ, ನಾನ್ಹೆಂಗ ಅನ್ನಲಿ?"

ಅವನು ಕಟುಕ ತಂದೆಯಾಗಿದ್ದರೆ ನನಗೆ ಸಿಟ್ಟು ಮಾಡಿಕೊಳ್ಳಲು ಸುಲಭವಾಗುತ್ತಿತ್ತು. ಯುಗಾದಿಯ ನಂತರ ಗಾಳೆಮ್ಮನ ಮದುವೆಯಾಯಿತು. ಹಿರೇಹಡಗಲಿಗೆ ಹೋದಳು.

ಗೆದ್ದವರ ಕಥೆಯನ್ನೂ ಕೇಳಿ. ಕೊಟ್ಟೂರಿನ ನಾಯಕಿ ಪಾಲಮ್ಮ ಆ ಗೆಲುವಿನ ಮೇಲೆ ಶಿಬಿರಕ್ಕೆ ಹೋದಳು, ಮಧ್ಯದಲ್ಲೇ ವಾಪಸು ಬಂದಳು. ಕೊಟ್ಟೂರಿನ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ಯಾಕೆಂದು ಕೇಳಿದೆ. "ಅಲ್ಲಿ ಎಲ್ಲಾರೂ ಫೈನಲ್ನಾಗ ಹೆಂಗ ಗೆದ್ರಿ ಅಂತ ಕೇಳೋರು. ನಾಣ್ಯಾ ಹಾರ್ಸಿ ಗೆದ್ವಿ ಅಂದ್ರ ನಗ್ತಿದ್ರು. ಆ ಜಾಗ ನಂದೋ ಗಾಳೆಮ್ಮಂದೋ ನನಗ ಗೊತ್ತಾಗ್ಲಿಲ್ರಿ," ಎಂದಳು. ಒಂದೇ ಸಂಜೆಯಲ್ಲಿ ಸೋತವಳನ್ನೂ ಗೆದ್ದವಳನ್ನೂ ಬರಿಗೈಯಲ್ಲಿ ಕಳಿಸಿದ ಸಾಮರ್ಥ್ಯ ತಮ್ಮ ಸಮಿತಿಯದು.

ಕಳೆದ ಏಪ್ರಿಲಿನಲ್ಲಿ ಪರೀಕ್ಷೆಯ ಕೆಲಸಕ್ಕೆ ಹಿರೇಹಡಗಲಿಗೆ ಹೋಗಿದ್ದೆ. ಗಾಳೆಮ್ಮ ಹುಡುಕಿಕೊಂಡು ಬಂದಳು. ಗಂಡ ಒಳ್ಳೆಯವನಂತೆ. ಮಜ್ಜಿಗೆ ತಂದಿದ್ದಳು. ಮನೆಯ ಮಾತೆಲ್ಲ ಮುಗಿದ ಮೇಲೆ ಕೇಳಿದಳು:

"ಅವತ್ತು ಆಡಿದ್ರ ನಾವು ಗೆಲ್ತಿದ್ವೇನ್ರಿ?"

ಗೆಲ್ಲುತ್ತಿದ್ದಿರಿ ಎನ್ನಬಹುದಿತ್ತು. ಅವಳ ಮುಖ ನೋಡಿ ಹೇಳಲಾಗಲಿಲ್ಲ. "ಗೊತ್ತಿಲ್ಲವ್ವಾ. ಕೊಟ್ಟೂರಿನೋರೂ ಗಟ್ಟಿ ಇದ್ರು," ಎಂದೆ.

"ಹೌದ್ರಿ, ಗಟ್ಟಿ ಇದ್ರು," ಎಂದಳು. "ಸೋತಿದ್ರೂ ಚಿಂತಿ ಇರ್ಲಿಲ್ಲ. ಪಾಲಮ್ಮನ ಕೈಯಾಗ ಸೋತೆ ಅಂತ ನೆಪ್ಪಿಟ್ಕೊಂತಿದ್ದೆ. ಈಗ ನೆಪ್ಪಿಟ್ಕೊಳ್ಳಾಕ ಏನೂ ಇಲ್ಲ."

ಅಧ್ಯಕ್ಷರೇ, ಹೊಸ ಸುತ್ತೋಲೆ ಹೊರಡಿಸಿ. ಹೆಣ್ಣುಮಕ್ಕಳ ಖೊಖೋವನ್ನು ಕೂಟಕ್ಕೆ ಸೇರಿಸಿ, ಅದರ ಫೈನಲನ್ನು ಹಗಲಿನಲ್ಲಿ, ಬೋರ್ಡಿನ ಮೇಲೆ ಬರೆದ ಹೊತ್ತಿಗೇ ಶುರುಮಾಡಿ, ಮುಗಿಯುವ ತನಕ ಆಡಿಸಿ. ಶಾಮಿಯಾನ ಬೇಡ, ಮೈಕೂ ಬೇಡ. ಜನ ಬಂದರೆ ಬರಲಿ, ಬರದಿದ್ದರೆ ಬಿಡಲಿ. ಗೆಲ್ಲಿಸಿರೆಂದು ನಾವು ಯಾವತ್ತೂ ಕೇಳಿಲ್ಲ. ನಮ್ಮ ಹುಡುಗಿಯರಿಗೆ ಆಡಿ ಸೋಲುವಷ್ಟಾದರೂ ಬೆಳಕು ಬಿಡಿ.

ಇಂತಿ,
ಸೋಲು ಕೂಡ ಸಿಗದ ತಂಡವನ್ನು ಊರಿಗೆ ಕರೆತಂದವಳು,
ಅನ್ನದಾನಮ್ಮ, ಕನ್ನಡ ಶಿಕ್ಷಕಿ
ಕೂಡ್ಲಿಗಿ, ೧೯೮೮