ಭಟ್ಟಿ ಇಳಿಸುವವರ ಹೆಸರು

ಏಪ್ರಿಲ್ 3, ಬೆಳಿಗ್ಗೆ 5.40
ಹೂವಿನ ಎರಡನೇ ಪಿಕಪ್ ಬಂತು. ಮೂರು ಹಂಡೆ ತುಂಬಿ ಬೆಂಕಿ ಇಟ್ಟಾಯಿತು. ಸೌದಿಯ ಈ ಬೆಟ್ಟದೂರು ತಾಯಿಫಿನ ಚಳಿ ಇನ್ನೂ ಹೋಗಿಲ್ಲ. ಹಂಡೆ ಕಾಯುವವರೆಗೆ ಬರೆಯಬಹುದು.

ಹತ್ತೊಂಬತ್ತು ವರ್ಷದಿಂದ ಇಲ್ಲಿ ಗುಲಾಬಿ ನೀರು ಇಳಿಸುತ್ತಿದ್ದೇನೆ. ತಾಮ್ರದ ಹಂಡೆ, ಕೊಳವೆ, ತಣ್ಣೀರ ತೊಟ್ಟಿ — ಎಲ್ಲ ಅಮ್ಮನ ಭಟ್ಟಿಯಲ್ಲಿದ್ದಂಥದ್ದೇ. ವಾಸನೆ ಮಾತ್ರ ಬೇರೆ. ಕಾರವಾರದಲ್ಲಿ ಏಪ್ರಿಲ್ ಎಂದರೆ ಕೊಳೆತ ಗೇರುಹಣ್ಣು, ಮೂಗಿಗೇ ಅಮಲು. ಅಮ್ಮನಿಗೆ ಲೈಸೆನ್ಸ್ ಎಲ್ಲಿತ್ತು? ಅಬಕಾರಿ ಜೀಪಿನ ಸದ್ದಾದರೆ ಹಂಡೆ ಸೀದಾ ಬಾವಿಗೆ.

ಫೆಣಿ, ಗೇರುಹಣ್ಣಿನ ಸಾರಾಯಿ. ಇಲ್ಲಿ ಆ ಪದ ಬಾಯಲ್ಲಿ ಆಡುವುದಿಲ್ಲ. ಕನ್ನಡದಲ್ಲಿ ಬರೆದರೆ ಓದುವವರಿಲ್ಲ.

ಏಪ್ರಿಲ್ 4
ತಂಗಿ ಮೋಹಿನಿಯ ಫೋನ್. ಅವಳನ್ನು ಕೊಟ್ಟದ್ದು ಗಡಿಯಾಚೆ, ಕಾಣಕೋಣಕ್ಕೆ. ಗೋವಾದಲ್ಲಿ ಗೇರು ಭಟ್ಟಿಗೆ ಲೈಸೆನ್ಸ್ ಕೊಡುತ್ತಾರೆ — ಅರ್ಜಿ ಹಾಕಿದ್ದಾಳೆ. ಅಮ್ಮನ ಹಂಡೆ. ಇಳಿಸುವವರು ಎಂಬಲ್ಲಿ ನನ್ನ ಹೆಸರು.

"ಹದಿನೆಂಟಕ್ಕೆ ಇನ್‌ಸ್ಪೆಕ್ಟರ್ ಬರ್ತಾರೆ ಅಣ್ಣ. ಅವರೆದುರು ನೀನೇ ಇಳಿಸಿ ತೋರಿಸ್ಬೇಕಂತೆ. ಬರದಿದ್ರೆ ಈ ವರ್ಷದ್ದು ಹೋಯ್ತು."

ಸರ್ಕಾರಿ ಕಾಗದದಲ್ಲಿ ಅಮ್ಮನ ಕಸುಬು! ಅಮ್ಮ ಹೋಗಿ ಆರು ವರ್ಷ. ಇದ್ದಿದ್ದರೆ ನಂಬುತ್ತಿರಲಿಲ್ಲ. ಕಣ್ಣು ತುಂಬಿತು. ಹೋಗಲೇಬೇಕು. ಇಳಿಸುವ ಹದ ಅಮ್ಮ ಕಲಿಸಿದ್ದು ನನಗೊಬ್ಬನಿಗೆ. ಮದುವೆಯಾಗಿ ಹೋಗುವ ಹೆಣ್ಣುಮಕ್ಕಳು ಭಟ್ಟಿ ಹತ್ತಿರ ಸುಳಿಯಬಾರದೆಂದು ಅಜ್ಜಿಯ ಕಟ್ಟಪ್ಪಣೆ.

ಏಪ್ರಿಲ್ 6
ಕಫೀಲ್, ಅಂದರೆ ನನ್ನ ವೀಸಾದ ಯಜಮಾನ, ಮುದುಕ ಅಬ್ದುಲ್ ಅಝೀಝ್ ಹತ್ತಿರ ರಜೆ ಕೇಳಿದೆ.

"ಗುಲಾಬಿ ಮುಗಿಯಲಿ, ಹೋಗು. ಈಗ ಹಂಡೆ ಯಾರು ನೋಡ್ತಾರೆ? ಯಲ್ಲಾ, ಯಲ್ಲಾ, ನಡಿ ಕೆಲಸಕ್ಕೆ."

ಗುಲಾಬಿ ಮುಗಿಯುವಾಗ ಗೇರೂ ಮುಗಿದಿರುತ್ತದೆ. ಹೇಗೆ ಹೇಳಲಿ? "ಮನೆ ಕೆಲಸ" ಎಂದಷ್ಟೇ ಅಂದೆ. ಈ ಬಾಯಿಗೆ ಬೀಗ ಬಿದ್ದು ಹತ್ತೊಂಬತ್ತು ವರ್ಷ.

ಏಪ್ರಿಲ್ 14
ದಿನಾ ಕೇಳುತ್ತಿದ್ದೇನೆ. ದಿನಾ ಇಲ್ಲ. ಇವತ್ತು ಮುದುಕ ಬೇರೆಯೇ ಕೇಳಿದರು.

"ಈ ತಿಂಗಳಲ್ಲಿ ಊರು ನೋಡಿ ಎಷ್ಟಾಯ್ತು?"

"ಇಲ್ಲಿಗೆ ಬಂದಮೇಲೆ ನೋಡಿಲ್ಲ. ಪ್ರತಿ ಸಲ ಮಳೆಗಾಲದಲ್ಲೇ ರಜೆ."

"ಹತ್ತು ದಿನ. ಹೋಗಿ ಬಾ. ಹಂಡೆ ನಾನೇ ನೋಡ್ತೇನೆ."

ಹೋಗಿ ಬರಲು ಎಕ್ಸಿಟ್ ರೀ-ಎಂಟ್ರಿ ವೀಸಾ ಸಂಜೆಯೊಳಗೇ ಬಂತು. ಹದಿನಾರರ ಟಿಕೆಟ್. ಜಿದ್ದಾದಿಂದ. ಕುಣಿಯುವುದೊಂದು ಬಾಕಿ.

ಏಪ್ರಿಲ್ 15, ಮಧ್ಯಾಹ್ನ
ಮತ್ತೆ ಮೋಹಿನಿಯ ಫೋನ್. ನಗುತ್ತಿದ್ದಳು. ಇನ್‌ಸ್ಪೆಕ್ಟರ್ ಇವತ್ತೇ ಬಂದು ಹೋದನಂತೆ, ಹೇಳದೆ ಕೇಳದೆ. ಇಳಿಸುವವರೆಲ್ಲಿ ಎಂದನಂತೆ. ಇವಳೇ ಒಲೆ ಮುಂದೆ ಕೂತಳಂತೆ. ಪಾಸ್! ಅರ್ಜಿಯಲ್ಲಿ ನನ್ನ ಹೆಸರು ಹೊಡೆದು ಅವಳದ್ದು ಬರೆದರಂತೆ.

ಖುಷಿಯಾಗಬೇಕಿತ್ತು. ಆಗಲಿಲ್ಲ. ಹೊಟ್ಟೆಕಿಚ್ಚೇ ಸರಿ.

"ನಿನಗೆ ಯಾರು ಕಲಿಸಿದ್ದು?" ಗದರಿಯೇ ಕೇಳಿದೆ.

"ಅಮ್ಮ. ನೀ ಬೆಂಕಿ ಹಾಕಿ ಕ್ರಿಕೆಟಿಗೆ ಓಡ್ತಿದ್ಯಲ್ಲ ಮಾರಾಯ — ಆಮೇಲೆ ಒಲೆ ಮುಂದೆ ಯಾರಿದ್ರು ಅಂದ್ಕೊಂಡಿ?"

ಓಡುತ್ತಿದ್ದೆ. ಹೌದು. ಮರೆತೇಬಿಟ್ಟಿದ್ದೆ.

"ಮತ್ತೆ ನನ್ನ ಹೆಸರು ಯಾಕೆ ಹಾಕಿದ್ದೆ?"

ಆ ಕಡೆ ಒಲೆಗೆ ಕಟ್ಟಿಗೆ ತುರುಕುವ ಸದ್ದು.

"ಇಲ್ದಿದ್ರೆ ನೀ ಗೇರಿನ ಕಾಲಕ್ಕೆ ಊರಿಗೆ ಬರ್ತಿದ್ಯಾ?"

ಏಪ್ರಿಲ್ 16, ಬೆಳಿಗ್ಗೆ 6
ಬ್ಯಾಗ್ ಕಟ್ಟಿದೆ. ಗಾಡಿ ಬಂದು ಹಾರ್ನ್ ಹೊಡೆಯುತ್ತಿದೆ. ಅವಳೇ ಇಳಿಸಲಿ. ನಾನು ಪಕ್ಕದಲ್ಲಿ ಕೂತು, ಈ ಸಲವಾದರೂ ಎದ್ದು ಓಡದೆ, ಕೊನೆಯ ಹನಿಯವರೆಗೂ —